ಆದವಾನಿಯ ಕಲ್ಲುಗಳೂ ಐತಿಹ್ಯಗಳೂ



ಹಂಪೆಯನ್ನೂ ಬಿಜಾಪುರವನ್ನೂ ನೋಡಲೆಂದು ನಾವು ಪ್ರವಾಸಗಳನ್ನು ಏರ್ಪಡಿಸುತ್ತೇವೆ. ದಿನವೂ ಕಣ್ಣಿಗೆ ಬೀಳುವ ನಮ್ಮ ಆದವಾನಿಯ ಕೋಟೆಬೆಟ್ಟವನ್ನು ಎಷ್ಟು ಮಂದಿ ಹತ್ತಿದ್ದೇವೆ? ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ ಆಗಬಾರದೆಂಬುದೇ ಇಂದು ನನ್ನ ಅರಿಕೆ.

ಬೀದರದ ಭೀಮಸಿಂಹನ ಕಾಲದಲ್ಲಿ ಚಂದ್ರಸೇನನೆಂಬವನು ಈ ಊರನ್ನು ಕಟ್ಟಿದನೆಂದು ಜನಶ್ರುತಿಯುಂಟು. ಅದು ಐತಿಹ್ಯ. ಇತಿಹಾಸಕ್ಕೆ ಬಂದರೆ, ಇದು ವಿಜಯನಗರದ ಅರಸರು ಅಭೇದ್ಯವೆಂದು ನಂಬಿದ್ದ ದುರ್ಗ. ಬೆಟ್ಟದ ಮೇಲಿನ ಕೊಳಗಳನ್ನೂ ಅರಮನೆಗಳನ್ನೂ ಇತಿಹಾಸಕಾರ ಫೆರಿಷ್ತಾ ಬಣ್ಣಿಸಿದ್ದಾನೆ. 1565ರ ಯುದ್ಧದಲ್ಲಿ ವಿಜಯನಗರವು ಸೋತ ಮೂರು ವರ್ಷಗಳಲ್ಲಿಯೇ, ಎಂದರೆ 1568ರಲ್ಲಿ, ಕೋಟೆಯು ಬಿಜಾಪುರದ ಆದಿಲಶಾಹಿಯ ವಶವಾಯಿತು. 1688ರಲ್ಲಿ ಮೊಗಲರು ಗೆದ್ದು ಇದಕ್ಕೆ ಇಮ್ತಿಯಾಜ್‌ಗಢವೆಂದು ಹೆಸರಿಟ್ಟರು. ಆ ಹೆಸರು ಕಾಗದದಲ್ಲಿ ಉಳಿಯಿತು. ಜನರ ನಾಲಗೆಯಲ್ಲಿ ಆದವಾನಿಯೇ ಉಳಿಯಿತು. 1786ರಲ್ಲಿ ಟೀಪು ಸುಲ್ತಾನನು ಮುತ್ತಿ, ಕೋಟೆಯ ಗೋಡೆಗಳನ್ನು ಕೆಡವಿಸಿ, ಫಿರಂಗಿಗಳನ್ನು ಗುತ್ತಿಗೆ ಸಾಗಿಸಿದನು. ಇಂದು ಕಾಣುವ ಪಾಳು ಕೇವಲ ಮಳೆಗಾಳಿಯ ಕೆಲಸವಲ್ಲ.

ಈ ದೀರ್ಘ ಚರಿತ್ರೆಯಲ್ಲಿ ಊರು ಮರೆಯದ ಹೆಸರು ಸಿದ್ದಿ ಮಸೂದ್ ಖಾನನದು. ಹಬಸಿ ಮೂಲದ ಈತನು ಬಿಜಾಪುರದ ಪರವಾಗಿ ಇಲ್ಲಿ ಅಧಿಕಾರ ನಡೆಸಿದನು. 1678ರಿಂದ ಕೆಲವು ವರ್ಷ ಬಿಜಾಪುರದ ರಾಜ್ಯಭಾರವನ್ನೇ ಹೊತ್ತಿದ್ದನು. 1662ರ ಸುಮಾರಿಗೆ ಊರಿನಲ್ಲಿ ಶಾಹಿ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನೂ ಇವನೇ. ಇವನನ್ನು ಕುರಿತು ಎರಡು ಕಥೆಗಳಿವೆ.

ಒಂದು ಮಸೀದಿಯದು. ಮೊಗಲ್ ಸೇನಾನಿ ಫಿರೋಜ್ ಜಂಗನು ಮುತ್ತಿಗೆ ಹಾಕಿದಾಗ ಖಾನನು ಸೋಲನ್ನು ಒಪ್ಪಲಿಲ್ಲವಂತೆ. ಆಗ ಶತ್ರುಗಳು ಫಿರಂಗಿಯ ಬಾಯನ್ನು ಮಸೀದಿಯ ಕಡೆಗೆ ತಿರುಗಿಸಿದರಂತೆ. ತಾನು ಪ್ರೀತಿಯಿಂದ ಕಟ್ಟಿಸಿದ ಆ ಗೋಪುರಗಳು ಪುಡಿಯಾಗುವುದನ್ನು ನೋಡಲಾರದೆ ಮುದುಕನು ಕೋಟೆಯನ್ನೇ ಬಿಟ್ಟುಕೊಟ್ಟನಂತೆ.

ಇನ್ನೊಂದು ಮಂತ್ರಾಲಯದ್ದು. ಶ್ರೀ ರಾಘವೇಂದ್ರಸ್ವಾಮಿಗಳನ್ನು ಪರೀಕ್ಷಿಸಲೆಂದು ನವಾಬನು ಮಾಂಸದ ಹರಿವಾಣಕ್ಕೆ ವಸ್ತ್ರ ಹೊದಿಸಿ ಮುಂದಿಟ್ಟನು. ಸ್ವಾಮಿಗಳು ತೀರ್ಥ ಪ್ರೋಕ್ಷಿಸಲು ಅದು ಫಲಪುಷ್ಪಗಳಾಯಿತು. ನಾಚಿದ ನವಾಬನು ಫಲವತ್ತಾದ ಗ್ರಾಮವನ್ನು ಕೊಡಮಾಡಿದರೂ ಸ್ವಾಮಿಗಳು ಪ್ರಹ್ಲಾದನು ಯಜ್ಞ ಮಾಡಿದ ಸ್ಥಳವೆಂದು ತುಂಗಭದ್ರೆಯ ದಡದ ಬರಡು ಮಂಚಾಲೆಯನ್ನೇ ಬೇಡಿದರು. 1671ರಲ್ಲಿ ಅವರು ಅಲ್ಲಿಯೇ ವೃಂದಾವನಸ್ಥರಾದರು. ಇಂದಿಗೂ ಭಕ್ತರು ಗ್ರಾಮದೇವತೆ ಮಂಚಾಲಮ್ಮನಿಗೆ ಮೊದಲು ಕೈಮುಗಿದು ರಾಯರ ಸನ್ನಿಧಿಗೆ ಹೋಗುತ್ತಾರೆ.

ಮಕ್ಕಳೇ, ಮಸೀದಿಯುಂಟು, ವೃಂದಾವನವುಂಟು, 1688ರ ಶರಣಾಗತಿಯೂ ಉಂಟು; ಇವು ಸಂಗತಿಗಳು. ನಡುವೆ ಜನರು ನೇಯ್ದದ್ದು ಕಥೆ. ಕಥೆಯನ್ನು ಚರಿತ್ರೆಯೆಂದು ಪರೀಕ್ಷೆಯಲ್ಲಿ ಬರೆಯಬೇಡಿರಿ, ಚರಿತ್ರೆಯಲ್ಲವೆಂದು ಬಿಸಾಡಲೂಬೇಡಿರಿ. ಒಂದೇ ಅಧಿಕಾರಿಯನ್ನು ಕುರಿತು ಎರಡು ಮತಗಳ ಜನರು ಹೇಳುತ್ತ ಬಂದ ಈ ಕಥೆಗಳ ತಿರುಳು ಒಂದೇ: ಕೋಟೆಯನ್ನು ಆಳುವವನೂ ಕೋಟೆಗಿಂತ ಹಿರಿದಾದುದರ ಮುಂದೆ ತಲೆಬಾಗಬೇಕು. ಆಳಿದವರ ವಿಷಯದಲ್ಲಿ ಪ್ರಜೆಗಳು ಬರೆದಿಟ್ಟ ತೀರ್ಪು ಅದು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯು ಹಂಚಿಹೋದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿಯ ಗೆರೆ ನೆಲವನ್ನು ವಿಂಗಡಿಸಿತು, ಕಥೆಗಳನ್ನು ವಿಂಗಡಿಸಲಿಲ್ಲ. ಅವು ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ಬಾಳುತ್ತವೆ, ಬಾಳಲಿ. ಆದರೆ ನಮ್ಮ ಅಜ್ಜಿಯರು ಅವನ್ನು ಹೇಳಿದ ಕನ್ನಡದ ಸೊಗಸನ್ನು ಉಳಿಸಬೇಕಾದವರು ಕನ್ನಡ ಶಾಲೆಯ ಮಕ್ಕಳಾದ ನೀವೇ. ನೀವು ಕೇಳದಿದ್ದರೆ ಅವರೊಡನೆಯೇ ಅದು ಮುಗಿಯುತ್ತದೆ.

ಆದುದರಿಂದ ಈ ರಜೆಯಲ್ಲಿ ಒಂದು ನೋಟುಬುಕ್ಕನ್ನು ಹಿಡಿದು ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿರಿ. ಕೇಳಿದ ಕಥೆಯನ್ನು ಅವರ ಮಾತಿನಲ್ಲಿಯೇ ಬರೆದು, ಹೇಳಿದವರ ಹೆಸರನ್ನೂ ದಿನಾಂಕವನ್ನೂ ಕೆಳಗೆ ಗುರುತಿಸಿರಿ. ಬೆಟ್ಟ ಹತ್ತಿದಾಗ ಕಲ್ಲಿನ ಮೇಲೆ ನಿಮ್ಮ ಹೆಸರನ್ನು ಕೆತ್ತಬೇಡಿರಿ. ನಿಮ್ಮ ಹೆಸರಿಗೆ ಆ ನೋಟುಬುಕ್ಕೇ ಸಾಕು.