ಹರಕು ಬಾಯಿಯ ಸಿನಿಮಾ, ಹರೆಯದ ಪ್ರೇಕ್ಷಕ



ಈ ದತ್ತಿ ಉಪನ್ಯಾಸಕ್ಕೆ ಮಕ್ಕಳ ಮನಸ್ಸಿಗೆ ಸಂಬಂಧಿಸಿದ ವಿಷಯವನ್ನೇ ಆರಿಸಿಕೊಳ್ಳಿ ಎಂದು ನನಗೆ ಹೇಳಿದ್ದರು. ನಾನು ಆರಿಸಿಕೊಂಡದ್ದು ಹೊಲಸು ಮಾತಿನ ಒಂದು ವಿಡಂಬನೆ: ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ 1999ರಲ್ಲಿ ಅಮೆರಿಕದಲ್ಲಿ ತೆರೆಗೆ ತಂದ ಕಾರ್ಟೂನ್ ಚಿತ್ರ ‘ಸೌತ್ ಪಾರ್ಕ್: ಬಿಗ್ಗರ್, ಲಾಂಗರ್ ಅಂಡ್ ಅನ್‌ಕಟ್’. ಇಂಥ ಚಿತ್ರವನ್ನು ಹದಿಹರೆಯದವರಿಗೆ ತೋರಿಸಬಹುದೆ ಎಂಬ ಪ್ರಶ್ನೆಯೇ ಈ ಚಿತ್ರದ ಕಥೆಯೂ ಹೌದು.

ಕೊಲೊರಾಡೊದ ಪುಟ್ಟ ಊರಿನ ನಾಲ್ಕು ಹುಡುಗರು ದೊಡ್ಡವರಿಗೆ ಮೀಸಲಾದ ಒಂದು ಕೆನಡಾ ಸಿನಿಮಾಕ್ಕೆ, ಬೀದಿಯ ನಿರ್ಗತಿಕನೊಬ್ಬನ ಕೈಯಲ್ಲಿ ಟಿಕೆಟ್ ತೆಗೆಸಿ ನುಗ್ಗುತ್ತಾರೆ. ಹೊರಬರುವಾಗ ಬಾಯ್ತುಂಬ ಬೈಗುಳ. ತೆರೆಯ ಮೇಲೆ ಕಂಡ ಚೇಷ್ಟೆಯನ್ನು ತಾನೂ ಮಾಡಲು ಹೋಗಿ ಒಬ್ಬ ಸಾಯುತ್ತಾನೆ. ತಾಯಂದಿರು ರೊಚ್ಚಿಗೆದ್ದು ಕೆನಡಾ ದೇಶದ ಮೇಲೆ ಗೂಬೆ ಕೂರಿಸುತ್ತಾರೆ, ಮಾತು ಯುದ್ಧಕ್ಕೇ ಹೋಗಿ ನಿಲ್ಲುತ್ತದೆ. ಚಿತ್ರದಲ್ಲಿ ಆ ತಾಯಂದಿರು ಕೆನಡಾವನ್ನು ದೂರಿ ಹಾಡುವ ಹಾಡು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. 2000ದ ಸಮಾರಂಭದಲ್ಲಿ ರಾಬಿನ್ ವಿಲಿಯಮ್ಸ್ ಅದನ್ನು ಹಾಡಿದರು.

ಚಿತ್ರ ಬಂದ ಕಾಲವನ್ನು ಮರೆಯಬಾರದು. ಅದೇ ಕೊಲೊರಾಡೊದ ಕೊಲಂಬೈನ್ ಶಾಲೆಯಲ್ಲಿ 1999ರ ಏಪ್ರಿಲ್ 20ರಂದು ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ 12 ಮಕ್ಕಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದಿದ್ದರು. ಸಿನಿಮಾ, ವಿಡಿಯೊ ಗೇಮ್, ರಾಕ್ ಸಂಗೀತ ಎಲ್ಲದರ ಮೇಲೂ ಬೆರಳು ತೋರಿಸಲಾಯಿತು. ಜೂನ್ ಕೊನೆಗೆ ಈ ಚಿತ್ರ ತೆರೆ ಕಂಡಿತು.

ಗಿನ್ನೆಸ್ ಪುಸ್ತಕ ಇದರಲ್ಲಿ 399 ಬೈಗುಳಗಳನ್ನು ಎಣಿಸಿತು. ಸುಮಾರು 80 ನಿಮಿಷದ ಚಿತ್ರ, ಅಂದರೆ ನಿಮಿಷಕ್ಕೆ ಐದು. ಇಷ್ಟು ಕೇಳಿದವರು ಇಲ್ಲಿಗೇ ತೀರ್ಪು ಕೊಟ್ಟು ಎದ್ದುಬಿಡುವುದುಂಟು. ನನಗೆ ಆ ಎಣಿಕೆಯಲ್ಲಿ ನಂಬಿಕೆಯಿಲ್ಲ. ನಮ್ಮ ಮಕ್ಕಳಿಗೆ ಆ ಪದಗಳೆಲ್ಲ ಬಸ್‌ಸ್ಟ್ಯಾಂಡಿನಲ್ಲೇ ಸಿಗುತ್ತವೆ. ಘೋರ ಹಿಂಸೆಯಾದರೂ ಪರವಾಗಿಲ್ಲ, ಕೆಟ್ಟ ಮಾತೊಂದು ಇರಬಾರದು ಎಂದು ಚಿತ್ರದ ತಾಯಿಯೊಬ್ಬಳು ಸಾರುತ್ತಾಳಲ್ಲ, ಆ ಚುಚ್ಚು ನೇರವಾಗಿ ನಮಗೂ ತಾಗುತ್ತದೆ. ಅಮೆರಿಕದ ಪ್ರಮಾಣೀಕರಣ ಮಂಡಳಿಯವರು ಚಿತ್ರದ ಮೊದಲ ಹೆಸರಿನಲ್ಲಿದ್ದ ‘ನರಕ’ ಎಂಬ ಅರ್ಥದ ಪದಕ್ಕೆ ತಕರಾರು ತೆಗೆದರು. ಬದಲಿಗೆ ಇಟ್ಟ ಈಗಿನ ಹೆಸರಿನಲ್ಲಿರುವ ಅಶ್ಲೀಲ ಧ್ವನಿ ಮಾತ್ರ ದಾಟಿಹೋಯಿತು. ಪದ ಹಿಡಿದು ಹೊರಟರೆ ಹೀಗೇ ಆಗುವುದು.

ಹಾಗಾದರೆ ಯಾವುದನ್ನು ನೋಡಬೇಕು? ಒಂದು ದೃಶ್ಯ ಹೇಳುತ್ತೇನೆ. ಯುದ್ಧದ ಹಿಂದಿನ ಗಳಿಗೆ. ಸೇನಾಧಿಕಾರಿಯೊಬ್ಬ ಕಪ್ಪು ಜನಾಂಗದ ಸೈನಿಕರನ್ನೆಲ್ಲ ಮುಂದಿನ ಸಾಲಿಗೆ ಹಾಕಿ, ಬಿಳಿಯರು ಅವರ ಹಿಂದೆ ಅಡಗಿಕೊಳ್ಳುವ ಯೋಜನೆ ವಿವರಿಸುತ್ತಾನೆ. ಶಾಲೆಯ ಅಡುಗೆಯವನಾಗಿದ್ದ ಕಪ್ಪು ಸೈನಿಕ, ವಿಮೋಚನಾ ಘೋಷಣೆಯ ಹೆಸರು ಕೇಳಿದ್ದೀರಾ ಎನ್ನುತ್ತಾನೆ. ನಾನು ಹಿಪ್‌ಹಾಪ್ ಕೇಳುವುದಿಲ್ಲ ಎನ್ನುತ್ತಾನೆ ಅಧಿಕಾರಿ. 1863ರಲ್ಲಿ ಲಿಂಕನ್ ಗುಲಾಮರ ಬಿಡುಗಡೆಗೆ ಹೊರಡಿಸಿದ ಘೋಷಣೆ ಅದು ಎಂದು ತಿಳಿದು ಚಿತ್ರ ನೋಡುವ ಹುಡುಗಿ ಆ ಅಧಿಕಾರಿಯ ಅಜ್ಞಾನಕ್ಕೆ ನಗುತ್ತಾಳೆ, ಮರುಕ್ಷಣ ಆ ಸೈನಿಕರನ್ನು ನೋಡಿ ಸುಮ್ಮನಾಗುತ್ತಾಳೆ. ತಿಳಿಯದ ಹುಡುಗ ಕಪ್ಪು ಸೈನಿಕರನ್ನು ಮುಂದೆ ತಳ್ಳಿದ್ದಕ್ಕೇ ನಗುತ್ತಾನೆ. ವಿಡಂಬನೆಯೊಂದು ಹರೆಯದವರಿಗೆ ತಕ್ಕದ್ದೋ ಅಲ್ಲವೋ ಎಂಬುದು ಈ ಎರಡು ನಗುಗಳ ನಡುವೆ ತೀರ್ಮಾನವಾಗಬೇಕು. ನಗು ಯಾರ ಮೇಲೆ ಬೀಳುತ್ತಿದೆ ಎಂದು ಅವರಿಗೆ ಗೊತ್ತಾಗುತ್ತದೆಯೆ?

ಕಾರ್ಟ್‌ಮನ್ ಎಂಬ ಪಾತ್ರದ ವಿಷಯದಲ್ಲಿ ನನಗೆ ನಿಜವಾದ ಭಯವಿದೆ. ಗೆಳೆಯ ಯಹೂದಿ ಎಂದು ಅವನನ್ನು ಹೀಯಾಳಿಸುವ, ಅವನ ತಾಯಿಯ ಮೇಲೆ ಹಾಡು ಕಟ್ಟುವ ಹುಡುಗ ಅವನು. ಚಿತ್ರಕ್ಕೆ ಅವನ ಕ್ಷುದ್ರತನ ಗೊತ್ತು. 13ರ ಹುಡುಗನಿಗೆ ಕಾಣುವುದು ಎಲ್ಲರಿಗಿಂತ ಹೆಚ್ಚು ನಗಿಸುವವನು ಮಾತ್ರ. ನಮ್ಮ ತರಗತಿಗೆ ಆ ಧಾಟಿ ಬಂದರೆ ಯಹೂದಿಯ ಜಾಗದಲ್ಲಿ ಯಾವ ಜಾತಿಯ, ಯಾವ ಧರ್ಮದ ಮಗು ನಿಲ್ಲುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಬೈಗುಳ ನಮ್ಮ ನಾಡಿಗೆ ಹೊಸದಲ್ಲ. ಕಾಮಣ್ಣನ ಹಬ್ಬದಲ್ಲಿ ಹುಡುಗರ ಬಾಯಿಗೆ ಲಗಾಮಿಲ್ಲ. ಕೊಡಗಿನ ದೇವರಪುರದ ಕುಂಡೆ ಹಬ್ಬದಲ್ಲಿ ಬುಡಕಟ್ಟಿನವರು ದಾರಿಹೋಕರನ್ನೂ ದೇವರನ್ನೂ ಬಯ್ಯುತ್ತಾರೆ. ಆದರೆ ಅಲ್ಲಿ ದಿನ ಗೊತ್ತು, ಜಾಗ ಗೊತ್ತು, ಹಿರಿಯರು ಎದುರಿಗೇ ಇರುತ್ತಾರೆ. ಇಯರ್‌ಫೋನ್ ಹಾಕಿಕೊಂಡು ರಾತ್ರಿ ಒಬ್ಬನೇ ನೋಡುವವನಿಗೆ ಇದ್ಯಾವುದೂ ಇಲ್ಲ.

ಅಮೆರಿಕದಲ್ಲಿ ಈ ಚಿತ್ರಕ್ಕೆ ಸಿಕ್ಕ ಪ್ರಮಾಣಪತ್ರ ‘ಆರ್’: 17 ತುಂಬದವರು ತಂದೆಯೋ ತಾಯಿಯೋ ಪೋಷಕರೋ ಜತೆಗಿದ್ದರೆ ನೋಡಬಹುದು. ನಮ್ಮ ‘ಎ’ ಚಿತ್ರಕ್ಕೆ ಅಪ್ಪನ ಜತೆ ಬಂದರೂ 18ರ ಒಳಗಿನವರಿಗೆ ಪ್ರವೇಶವಿಲ್ಲ. 2023ರ ತಿದ್ದುಪಡಿಯಲ್ಲಿ ‘ಯುಎ’ಯನ್ನು 7, 13, 16 ಎಂದು ಒಡೆದದ್ದು ಒಳ್ಳೆಯದಾಯಿತು, 13ಕ್ಕೂ 16ಕ್ಕೂ ಅಜಗಜಾಂತರ. ನನ್ನ ಅಭಿಪ್ರಾಯ ಕೇಳಿದರೆ, ಈ ಚಿತ್ರ 13ರವರಿಗೆ ಖಂಡಿತ ಬೇಡ. 16 ದಾಟಿದವರು ಮನೆಯಲ್ಲಿ ದೊಡ್ಡವರೊಬ್ಬರ ಜತೆ ಕೂತು ನೋಡಲಿ.

ಜತೆಗೆ ಕೂತ ದೊಡ್ಡವರಿಗೆ ಒಂದು ಕೆಲಸವಿದೆ. ಚಿತ್ರದ ನರಕದಲ್ಲಿ ಸದ್ದಾಂ ಹುಸೇನ್ ಸೈತಾನನ ಪ್ರಿಯಕರ. ಸೈತಾನನಿಗೆ ಪ್ರೀತಿ ಬೇಕು, ಸದ್ದಾಂ ಅವನನ್ನು ಬರೀ ಬಳಸಿಕೊಳ್ಳುತ್ತಾನೆ. ಸರ್ವಾಧಿಕಾರಿಯನ್ನು ಕುಬ್ಜಗೊಳಿಸುವ ಈ ಭಾಗ, ಸದ್ದಾಂ ಯಾರೆಂದು ಅರಿಯದ ಹುಡುಗರಿಗೆ ಇಬ್ಬರು ಗಂಡಸರ ಪ್ರೀತಿಯ ಮೇಲಿನ ಗೇಲಿಯಾಗಿಬಿಡುತ್ತದೆ. ಅಲ್ಲಿ ಚಿತ್ರವನ್ನು ನಿಲ್ಲಿಸಿ, ಈಗ ಯಾಕೆ ನಕ್ಕೆ ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಹಾಗೆ ಕೂರಲು ನಿಮಗೆ ಪುರುಸೊತ್ತಿಲ್ಲದಿದ್ದರೆ, ಇನ್ನೊಂದು ವರ್ಷ ತಡಿ ಎಂದು ಕಾರಣ ಸಮೇತ ಹೇಳಿ.