ಕರಗಿದ ಹನಿ ಹಿಡಿಯುವ ಬಗೆ

ಕುಂದಾಪುರದಲ್ಲಿ ಮನೆ ಕಟ್ಟಿದವನಿಗೆ ಪಂಚಗಂಗಾವಳಿಯ ಚೆಲುವಿನೊಡನೆ ಉಪ್ಪುಗಾಳಿಯೂ ಪಾಲಿಗೆ ಬರುತ್ತದೆ. ಒಂದು ಬೇಸಗೆಯಲ್ಲಿ ನನ್ನ ಮನೆಯ ಕಿಟಕಿಯ ಸರಳುಗಳಿಗೆ ಬಣ್ಣ ಬಳಿಸಿದೆ. ತುಕ್ಕು ಕೆರೆಯುವ ತಾಳ್ಮೆ ಬಳಿದವನಿಗೂ ಇರಲಿಲ್ಲ, ಬಳಿಸಿದ ನನಗೂ ಇರಲಿಲ್ಲ. ಆಸಾಡಿ ಅಮಾವಾಸ್ಯೆಗೆ ಮೊದಲೇ ಬಣ್ಣವು ಹಾವಿನ ಪೊರೆಯಂತೆ ಕಳಚಿತು. ಹೊದಿಕೆಯೊಂದು ಲೋಹದ ಮೇಲೆ ನಿಲ್ಲುವುದಾದರೂ ಯಾವ ಬಲದಿಂದ ಎಂಬ ಪ್ರಶ್ನೆ ಆಗ ಹುಟ್ಟಿತು.

ಹಿಂದೆ ಬೈಂದೂರು, ಬ್ರಹ್ಮಾವರಗಳ ಅಂಗಳಗಳಿಗೆ ಕಲಾಯಿಯವನು ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಕಾಯಿಸಿದ ತಾಮ್ರದ ಪಾತ್ರೆಗೆ ಅವನು ನವಸಾಗರವನ್ನು ಉಜ್ಜುತ್ತಿದ್ದ. ಅದು ಲೋಹದ ಮೇಲಿನ ಕಿಲುಬನ್ನು ಕಳೆಯುತ್ತಿತ್ತು. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕರಗಿದ ತವರವೂ ತಾಮ್ರವೂ ಕೂಡಿ, ನಡುವೆ ಎರಡರದೂ ಆದ ತೆಳುವಾದ ಹೊಸ ಪದರವೊಂದು ಹುಟ್ಟುತ್ತದೆ. ಅದು ನಿಜವಾದ ಬೆಸುಗೆ.

ಆದರೆ ದೊಡ್ಡ ಸೇತುವೆಯನ್ನು ಒಲೆಯ ಮೇಲಿಡುವುದು ಹೇಗೆ? ಸುಮಾರು 1910ರ ಹೊತ್ತಿಗೆ ಸ್ವಿಜರ್ಲೆಂಡಿನ ಮ್ಯಾಕ್ಸ್ ಶೂಪ್ ಎಂಬಾತ ಕರಗಿದ ಲೋಹವನ್ನೇ ಎರಚುವ ಉಪಾಯ ಕಂಡುಹಿಡಿದ. ಮಕ್ಕಳು ಆಟದ ಬಂದೂಕಿನಿಂದ ಹೊಡೆದ ಸೀಸದ ಗುಂಡು ಗೋಡೆಗೆ ಅಂಟಿದ್ದನ್ನು ನೋಡಿ ಅವನಿಗೆ ಇದು ಹೊಳೆಯಿತೆಂಬ ಕಥೆಯೂ ಉಂಟು. ನಮ್ಮ ರೈಲ್ವೆಯವರು ಕಡಲತೀರದ ಉಕ್ಕಿನ ಸೇತುವೆಗಳಿಗೆ ಅಲ್ಯೂಮಿನಿಯಂ ಎರಚುವುದು ಇದೇ ವಿಧಾನದಿಂದ.

ಎರಡು ತಂತಿಗಳ ತುದಿಗಳ ನಡುವೆ ವಿದ್ಯುತ್ತಿನ ಕಿಡಿಯನ್ನು ಹೊತ್ತಿಸಿದರೆ ಅವು ಕರಗುತ್ತವೆ. ಒತ್ತಡದ ಗಾಳಿ ಆ ದ್ರವವನ್ನು ಹರಿದು ಚಿಂದಿ ಮಾಡುತ್ತದೆ. ದ್ರವದ ಮೇಲ್ಮೈ ಸೆಳೆತ ಒಂದೊಂದು ಚಿಂದಿಯನ್ನೂ ಉಂಡೆಗಟ್ಟಿಸುತ್ತದೆ. ಉಕ್ಕಿಗೆ ಬಡಿದ ಹನಿ ಚಪ್ಪಟೆಯಾಗಿ ಹರಡುತ್ತದೆ, ಕಾವಲಿಗೆ ಎರಚಿದ ನೀರುದೋಸೆಯ ಹಿಟ್ಟಿನ ಹಾಗೆ. ಒಂದೇ ವ್ಯತ್ಯಾಸ: ಇಲ್ಲಿ ಹಿಟ್ಟು ಬಿಸಿ, ಕಾವಲಿ ತಣ್ಣಗೆ! ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಮೊದಲೇ ಹನಿ ಹೆಪ್ಪುಗಟ್ಟುತ್ತದೆ. ತವರದಂತೆ ಬೆರೆಯಲು ಅದಕ್ಕೆ ವ್ಯವಧಾನವಿಲ್ಲ. ಕುಗ್ಗುತ್ತ ಕುಗ್ಗುತ್ತ ಉಕ್ಕಿನ ತಗ್ಗು ದಿಣ್ಣೆಗಳನ್ನು ಹಿಡಿದುಕೊಳ್ಳುತ್ತದೆ. ಬಹುಮಟ್ಟಿಗೆ ಈ ಹಿಡಿತವೇ ಅದರ ಬಲ. ಅದರ ಮೇಲೆ ಮತ್ತೊಂದು ಹನಿ, ಮಗದೊಂದು. ನಡುನಡುವೆ ಸಣ್ಣ ರಂಧ್ರಗಳು ಉಳಿಯುವುದರಿಂದ ಮೇಲೆ ಬಣ್ಣವನ್ನೂ ಬಳಿಯುತ್ತಾರೆ.

ಆದುದರಿಂದಲೇ ನುಣುಪಾದ ಉಕ್ಕು ಇಲ್ಲಿ ನಿಷ್ಪ್ರಯೋಜಕ. ಮೊದಲು ಹರಳುಗಳನ್ನು ರಭಸದಿಂದ ಬಡಿದು ಅದನ್ನು ತರಿತರಿ ಮಾಡಬೇಕು; ಕೆಲವೇ ಗಂಟೆಗಳೊಳಗೆ ಎರಚಿ ಮುಗಿಸಬೇಕು. ನಮ್ಮ ಮಳೆಗಾಲದ ತೇವ ಅಷ್ಟು ಹೊತ್ತನ್ನೂ ಕೊಡುವುದಿಲ್ಲ.

ನನ್ನ ಸರಳುಗಳಿಗೆ ಲೋಹ ಎರಚುವಷ್ಟು ಭಾಗ್ಯವಿಲ್ಲ. ಮರುವರ್ಷ ಒಂದೊಂದೇ ಕಿಟಕಿಯನ್ನು ಹೊಳೆಯುವ ತನಕ ಉಜ್ಜಿಸಿ, ಆಗಿಂದಾಗ್ಗೆ ಬಣ್ಣ ಕೊಡಿಸಿದೆ. ಬಣ್ಣಕ್ಕಿಂತ ಉಜ್ಜಿದ ಕೂಲಿಯೇ ಹೆಚ್ಚಾಯಿತು.