ಗೋಣು ನೋವಿನ ಮೂಲ ಎಲ್ಲಿದೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹಬ್ಬದಲ್ಲಿ ವೈದ್ಯನಾಗಿ ನಾಲ್ಕು ಮಾತು ಹೇಳಲು ಕರೆದ ಸಮಿತಿಗೆ ನನ್ನ ನಮಸ್ಕಾರಗಳು. ನಾನು ಆರಿಸಿಕೊಂಡ ವಿಷಯ ಗೋಣು ನೋವು. ಆಡೂರು, ಹಾನಗಲ್ಲ ಭಾಗದಲ್ಲಿ ಮೇವಿನ ಹೊರೆ, ಗೋವಿನಜೋಳದ ಚೀಲ ಹೊರದವರು ಕಡಿಮೆ. ಗೋಣು ಹಿಡಿದರೆ ಎಕ್ಸ್‌ರೇ ತೆಗೆಸುತ್ತೇವೆ. ‘ಎಲುಬು ಸವೆದಿದೆ’ ಎಂಬ ಒಂದು ಮಾತು ಕೇಳಿ ಹೊಲದ ಕೆಲಸ ಬಿಟ್ಟವರಿದ್ದಾರೆ, ವರ್ಷಗಟ್ಟಲೆ ಕತ್ತಿಗೆ ಪಟ್ಟಿ ಕಟ್ಟಿಕೊಂಡವರಿದ್ದಾರೆ. ಆದರೆ ಎಕ್ಸ್‌ರೇ ಸವೆತವನ್ನು ತೋರಿಸುತ್ತದೆ, ನೋವನ್ನು ತೋರಿಸುವುದಿಲ್ಲ. ವಯಸ್ಸಾದಂತೆ ಸವೆತ ಬಹಳ ಜನರಲ್ಲಿ ಕಾಣುತ್ತದೆ. ಅವರಲ್ಲಿ ಅನೇಕರಿಗೆ ನೋವೇ ಇರುವುದಿಲ್ಲ.

ಗೋಣಿನಲ್ಲಿ 7 ಎಲುಬುಗಳಿವೆ. ಎರಡನೆಯದರಿಂದ ಕೆಳಗೆ ಪ್ರತಿ ಎರಡು ಎಲುಬುಗಳ ನಡುವೆ ಮುಂದೆ ಒಂದು ಡಿಸ್ಕ್, ಹಿಂದೆ ಎಡಬಲಕ್ಕೆ ಎರಡು ಸಣ್ಣ ಕೀಲುಗಳು. ಇವಕ್ಕೆ ಫ್ಯಾಸೆಟ್ ಕೀಲು ಎನ್ನುತ್ತಾರೆ. ಬಹಳ ದಿನ ಕಾಡುವ ಗೋಣು ನೋವಿಗೆ, ಅದರಲ್ಲೂ ವಾಹನ ಅಪಘಾತದಲ್ಲಿ ಕತ್ತು ಜಗ್ಗಿದವರ ನೋವಿಗೆ, ಹಲವು ಸಲ ಈ ಕೀಲುಗಳೇ ಮೂಲ.

ತೊಡಕೆಂದರೆ, ನೋವು ಕೀಲಿದ್ದಲ್ಲೇ ನಿಲ್ಲುವುದಿಲ್ಲ. 1990ರಲ್ಲಿ ವೈದ್ಯರು ಆರೋಗ್ಯವಂತ ಸ್ವಯಂಸೇವಕರ ಕೀಲುಗಳಿಗೆ ದ್ರವ ತುಂಬಿ, ನೋವು ಎಲ್ಲಿ ಕಾಣಿಸುತ್ತದೆಂದು ನಕ್ಷೆ ಬರೆದರು. ಎರಡು-ಮೂರನೆಯ ಎಲುಬಿನ ನಡುವಣ ಕೀಲು ಹಿಂದಲೆಯನ್ನು ನೋಯಿಸುತ್ತದೆ. ಐದು-ಆರರ ನಡುವಣದು ಹೆಗಲಿನ ಮೇಲ್ಭಾಗವನ್ನು. ಆರು-ಏಳರ ನಡುವಣದು ಬೆನ್ನಿನ ರೆಕ್ಕೆಯ ಎಲುಬಿನ ಕಡೆಯನ್ನು. ತಲೆಶೂಲೆ ಎಂದು ಗುಳಿಗೆ ನುಂಗುವವರ ಮೂಲ ಕೆಲವೊಮ್ಮೆ ಗೋಣಿನಲ್ಲಿರುತ್ತದೆ.

ಹಾಗಾದರೆ ಯಾವ ಕೀಲು ಎಂದು ತಿಳಿಯುವುದು ಹೇಗೆ? ಯಾವ ಲೈನಿನಲ್ಲಿ ದೋಷವಿದೆ ಎಂದು ನೋಡಲು ಲೈನ್‌ಮನ್ ಟಿಸಿಯ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಸಾಮಾನ್ಯವಾಗಿ ಒಂದು ಕೀಲಿನ ನೋವಿನ ಸುದ್ದಿಯನ್ನು ಎರಡು ಸಣ್ಣ ನರಗಳು ಒಯ್ಯುತ್ತವೆ. ಎಕ್ಸ್‌ರೇ ಪರದೆಯಲ್ಲಿ ನೋಡುತ್ತ, ಸಣ್ಣ ಸೂಜಿಯಿಂದ ಆ ನರಗಳ ಬಳಿ ಕೆಲವೇ ಹನಿ ಮರಗಟ್ಟಿಸುವ ಔಷಧ ಬಿಡುತ್ತಾರೆ. ನೋವು ಮಾಯವಾದರೆ ಆ ಕೀಲಿನ ಮೇಲೆ ಅನುಮಾನ ಬಲಿಯುತ್ತದೆ.

ಬಲಿಯುತ್ತದೆ, ಅಷ್ಟೇ. ಮನಸ್ಸಿನ ನಂಬಿಕೆಯಿಂದಲೂ ನೋವು ಇಳಿಯಬಹುದು. 1993ರ ಒಂದು ಅಧ್ಯಯನದಲ್ಲಿ ಒಂದೇ ಪರೀಕ್ಷೆಯ ಮೇಲಿನ ತೀರ್ಮಾನ 100ಕ್ಕೆ 27ರಷ್ಟು ತಪ್ಪಿತ್ತು. ಆದ್ದರಿಂದ ಬೇರೊಂದು ದಿನ ಮತ್ತೆ ಮಾಡುತ್ತಾರೆ. ಒಮ್ಮೆ ಬೇಗ ಇಳಿಯುವ ಲಿಡೊಕೇನ್, ಇನ್ನೊಮ್ಮೆ ಹೆಚ್ಚು ಹೊತ್ತು ನಿಲ್ಲುವ ಬುಪಿವಕೇನ್. ಯಾವುದು ಯಾವಾಗ ಎಂದು ರೋಗಿಗೆ ಹೇಳುವುದಿಲ್ಲ. ಎರಡು ಸಲವೂ ನೋವು ಹೋಗಿ, ಎರಡನೆಯ ಔಷಧಕ್ಕೆ ಹೆಚ್ಚು ಹೊತ್ತು ಹೋದರೆ ಮೂಲ ಸಿಕ್ಕಿತೆನ್ನಬಹುದು. ಮಕ್ಕಳೇ, ವಿಜ್ಞಾನದ ತರಗತಿಯಲ್ಲಿ ಪ್ರಯೋಗವನ್ನು ಮತ್ತೆ ಮಾಡಿ ನೋಡಿ ಎನ್ನುವುದು ಇದಕ್ಕೇ.

ಹೀಗೆ ಖಚಿತವಾದವರಿಗೆ ಆ ನರಗಳನ್ನು ಶಾಖದಿಂದ ನಿಷ್ಕ್ರಿಯಗೊಳಿಸುವ ಚಿಕಿತ್ಸೆಯಿದೆ. 1996ರಲ್ಲಿ ಆಸ್ಟ್ರೇಲಿಯಾದ ವೈದ್ಯರು 24 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಚಿಕಿತ್ಸೆ ಪಡೆದವರ ನೋವು ಮೊದಲಿನ ಅರ್ಧಕ್ಕೆ ಮರಳಲು ಮಧ್ಯಮ ಲೆಕ್ಕದಲ್ಲಿ 263 ದಿನ ಹಿಡಿಯಿತು. ಬರೀ ನೆಪಕ್ಕೆ ಸೂಜಿ ಹಾಕಿದವರಲ್ಲಿ 8 ದಿನ. ನರ ಮತ್ತೆ ಬೆಳೆಯುವುದರಿಂದ ನೋವು ಮರಳಬಹುದು. ಆಗ ಚಿಕಿತ್ಸೆಯನ್ನು ಇನ್ನೊಮ್ಮೆ ಮಾಡಬಹುದು.

ಇದು ಎಲ್ಲರಿಗೂ ಬೇಕಾದ ಪರೀಕ್ಷೆಯಲ್ಲ. ಹೆಚ್ಚಿನ ಗೋಣು ನೋವು ಕೆಲವು ವಾರಗಳಲ್ಲಿ ತಾನೇ ಕಡಿಮೆಯಾಗುತ್ತದೆ. ಮೂರು ತಿಂಗಳು ದಾಟಿ, ವ್ಯಾಯಾಮ, ಔಷಧಗಳಿಗೆ ಬಗ್ಗದಿದ್ದರೆ ಮಾತ್ರ ನೋವಿನ ತಜ್ಞರನ್ನು ಕೇಳಬೇಕು. ಆದರೆ ಕೈಯಲ್ಲಿ ಶಕ್ತಿ ಕುಂದಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರವಿದ್ದು ಮೈ ಇಳಿಯುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಬೆನ್ನುಹುರಿ ಅದುಮಿರಬಹುದು, ಎಲುಬಿನ ಕ್ಷಯವೂ ಇರಬಹುದು. ಅಂಥವರು ಗೋಣಿನ ನೆಟಿಗೆ ತೆಗೆಸುವುದಂತೂ ಜೀವಕ್ಕೇ ಅಪಾಯ.

ಸವೆತ ಎಂಬ ಮಾತಿಗೆ ಹೆದರಿ ದುಡಿಮೆ ಬಿಡಬೇಡಿ. ನೋವಿನ ಮೂಲ ಯಾವುದು, ಅದನ್ನು ಹೇಗೆ ಖಚಿತಪಡಿಸಿದಿರಿ ಎಂದು ವೈದ್ಯರನ್ನು ವಿನಯದಿಂದ ಕೇಳಿ. ಹಾಗೆ ಕೇಳುವುದು ನಿಮ್ಮ ಹಕ್ಕು.